ಹಳೆಯ ಕಾರಿನ ಚಕ್ರದ ನಟ್ ಬಿಗಿದು ಕುಳಿತಾಗ

ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಆಗಾಗ ನೋಡಿಕೊಳ್ಳುವ ವಾಹನ ಮಾಲೀಕರು ಅನೇಕರು. ಆದರೆ ಆ ಸ್ಟೆಪ್ನಿಯನ್ನು ಜೋಡಿಸುವ ಮೊದಲು ಬಿಚ್ಚಬೇಕಾದ ನಾಲ್ಕೋ ಐದೋ ನಟ್‌ಗಳು ಅಲುಗುತ್ತವೆಯೇ ಎಂದು ಪರೀಕ್ಷಿಸುವವರು ವಿರಳ. ಮಳೆಗಾಲದ ರಾತ್ರಿ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಪಂಕ್ಚರ್ ಆದಾಗ ಮಾತ್ರ ಈ ಪ್ರಶ್ನೆ ಎದುರಾಗುತ್ತದೆ. ಅಲ್ಲಿ ಜ್ಯಾಕ್ ಇದ್ದೂ, ಸ್ಟೆಪ್ನಿ ಇದ್ದೂ, ನಟ್ ತಿರುಗದಿದ್ದರೆ ಪ್ರಯಾಣ ನಿಂತಂತೆಯೇ ಸರಿ.

1983ರಿಂದ 2014ರವರೆಗೆ ತಯಾರಾದ ಮಾರುತಿ 800, ಅದೇ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಮೊದಲಾದ ಕಾರುಗಳು ಈಗಲೂ ಅನೇಕರ ಬಳಿ ಇವೆ. ಇಂತಹ ವಾಹನಗಳಲ್ಲಿ ಬಿಗಿದು ಕುಳಿತ ನಟ್ ಸಾಮಾನ್ಯ ಸಮಸ್ಯೆ. ಅದಕ್ಕೆ ಕಾರಣವೇನು, ಅದನ್ನು ಹಾನಿಯಿಲ್ಲದೆ ಬಿಚ್ಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಿಗಿಯುವುದೇಕೆ?

ಮೊದಲ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ನಟ್ ಮತ್ತು ಸ್ಟಡ್‌ನ ಥ್ರೆಡ್‌ಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ಅದು ತುಂಬಿ, ಎರಡನ್ನೂ ಬೆಸೆದಂತೆ ಹಿಡಿಯುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಅಲಾಯ್ ಚಕ್ರವಿದ್ದರೆ ಇನ್ನೊಂದು ತೊಡಕೂ ಇದೆ. ಅಲ್ಯೂಮಿನಿಯಂ ಮತ್ತು ಉಕ್ಕು ಉಪ್ಪುನೀರಿನ ಸಂಪರ್ಕದಲ್ಲಿ ಒಂದನ್ನೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ಚಕ್ರವೇ ಹಬ್‌ಗೆ ಅಂಟುತ್ತದೆ.

ಎರಡನೆಯ ಕಾರಣ ಮನುಷ್ಯನದು. ಸಣ್ಣ ಕಾರುಗಳ ನಟ್‌ಗಳನ್ನು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್‌ನಷ್ಟು ಬಿಗಿದರೆ ಸಾಕು. ಹಳೆಯ ಕೆಲವು ಮಾದರಿಗಳಿಗೆ ಇನ್ನೂ ಕಡಿಮೆ. ನಿಖರ ಅಂಕಿ ವಾಹನದ ಕೈಪಿಡಿಯಲ್ಲಿರುತ್ತದೆ. ಆದರೆ ಟೈರ್ ಅಂಗಡಿಗಳ ಏರ್ ಗನ್ 400 ನ್ಯೂಟನ್ ಮೀಟರ್ ಮೀರಿದ ಬಲವನ್ನೂ ಸಲೀಸಾಗಿ ಹಾಕಬಲ್ಲದು. ಅವಸರದಲ್ಲಿ ಎರಡು ಕ್ಷಣ ಹೆಚ್ಚು ಹಿಡಿದರೂ ಸಾಕು, ಕಾರಿನೊಂದಿಗೆ ಬರುವ ಗಿಡ್ಡ ಪಾನಾದಿಂದ ಅದನ್ನು ಬಿಚ್ಚುವುದು ಅಸಾಧ್ಯವಾಗುತ್ತದೆ. ಬಿಚ್ಚುವಾಗ ಕಾಣಿಸಿಕೊಳ್ಳುವ ತೊಂದರೆಯ ಬೀಜ ಬಿತ್ತಿದ್ದು ಬಹುತೇಕ ಸಲ ಬಿಗಿಯುವಾಗಲೇ.

ಕಾರು ನೆಲದ ಮೇಲಿರಲಿ

ಮೊದಲ ನಿಯಮ: ನಟ್ ಸಡಿಲವಾಗುವವರೆಗೆ ಜ್ಯಾಕ್ ಏರಿಸಬಾರದು. ಮೇಲೆತ್ತಿದ ಚಕ್ರ ನಟ್‌ನೊಂದಿಗೆ ತಾನೂ ತಿರುಗುತ್ತದೆ. ಮೇಲಾಗಿ, ಜ್ಯಾಕ್ ಮೇಲೆ ನಿಂತ ಕಾರಿನ ಮೇಲೆ ಜೋರಾಗಿ ಬಲ ಹಾಕಿದರೆ ಅದು ಜಾರಿ ಬೀಳಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿರಿಸಿ, ಉಳಿದ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಅಡ್ಡ ಇಡಬೇಕು.

ಎರಡನೆಯದು ದಿಕ್ಕು. ಬಹುತೇಕ ಕಾರುಗಳಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ನಟ್ ಬಿಚ್ಚಿಕೊಳ್ಳುತ್ತದೆ. ಆದರೆ ವಿಲ್ಲಿಸ್ ಮೂಲದ ಹಳೆಯ ಜೀಪುಗಳ ಎಡಬದಿಯ ಚಕ್ರಗಳಲ್ಲಿ ಎಡ ಥ್ರೆಡ್ ಇರುತ್ತಿತ್ತು. ಅಲ್ಲಿ ದಿಕ್ಕು ತಿರುಗುಮುರುಗು. ಇದನ್ನರಿಯದೆ ‘ಬಿಚ್ಚುತ್ತಿದ್ದೇವೆ’ ಎಂದುಕೊಂಡು ಇನ್ನಷ್ಟು ಬಿಗಿದು ಸ್ಟಡ್ ಮುರಿಯುವ ಸಂಭವವಿದೆ. ಸ್ಟಡ್ ತುದಿಯಲ್ಲಿ ‘ಎಲ್’ ಅಕ್ಷರ ಕೊರೆದಿದೆಯೇ ಎಂದು ತಂತಿಯ ಬ್ರಷ್‌ನಿಂದ ಉಜ್ಜಿ ನೋಡುವುದು ಒಳಿತು.

ಎಣ್ಣೆ, ತಾಳ್ಮೆ, ಉದ್ದ ಹಿಡಿ

ಸ್ಟಡ್‌ನ ಹೊರಚಾಚಿದ ಥ್ರೆಡ್ಡನ್ನು ಬ್ರಷ್‌ನಿಂದ ಸ್ವಚ್ಛಗೊಳಿಸಿ, ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ನಟ್‌ನ ಎರಡೂ ಅಂಚುಗಳಿಗೆ ಹಾಕಬೇಕು. ಟೊಪ್ಪಿ ಮುಚ್ಚಿದ ನಟ್ ಆಗಿದ್ದರೆ ನಟ್ ಮತ್ತು ಚಕ್ರ ಕೂಡುವ ಸಂದಿಗೆ ಹಾಕಬೇಕು. ಕನಿಷ್ಠ ಅರ್ಧ ಗಂಟೆ ಬಿಡಬೇಕು. ಮನೆಯಲ್ಲಿದ್ದರೆ ರಾತ್ರಿಯಿಡೀ ಬಿಡುವುದು ಉತ್ತಮ. ನಟ್‌ನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಕೆಲವು ಪೆಟ್ಟು ಕೊಟ್ಟರೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಬ್ರೇಕ್ ಡಿಸ್ಕ್ ಅಥವಾ ಪ್ಯಾಡ್‌ಗೆ ಎಣ್ಣೆ ತಾಗದಂತೆ ಎಚ್ಚರ ವಹಿಸುವುದು ಅತ್ಯವಶ್ಯ.

ಉಪಕರಣದ ಆಯ್ಕೆಯೂ ಮುಖ್ಯ. ಹನ್ನೆರಡು ಮೂಲೆಯ ಸಾಕೆಟ್ ನಟ್‌ನ ಮೂಲೆಗಳನ್ನಷ್ಟೇ ಹಿಡಿದು ಅವುಗಳನ್ನು ಸವೆಸುತ್ತದೆ. ಆರು ಮೂಲೆಯದು ಬದಿಗಳನ್ನು ಹಿಡಿಯುತ್ತದೆ. ಕಾರುಗಳಲ್ಲಿ 17, 19 ಮತ್ತು 21 ಮಿಲಿಮೀಟರ್ ಅಳತೆಗಳು ಸಾಮಾನ್ಯ. ನಟ್‌ಗೆ ಸರಿಯಾಗಿ ಹೊಂದುವ ಆರು ಮೂಲೆಯ ಸಾಕೆಟ್ಟನ್ನು ಪೂರ್ತಿ ಒಳಗೆ ಕೂರಿಸಿ, ಉದ್ದ ಹಿಡಿಯನ್ನು ಜೋಡಿಸಬೇಕು.

ಹಿಡಿ ಉದ್ದವಿರಬೇಕು ಏಕೆ? 60 ಕಿಲೋ ತೂಕದ ವ್ಯಕ್ತಿ 30 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಪೂರ್ಣ ಭಾರ ಹಾಕಿದರೆ ನಟ್‌ಗೆ ಸಿಗುವುದು ಸುಮಾರು 175 ನ್ಯೂಟನ್ ಮೀಟರ್. ಹಿಡಿ 60 ಸೆಂಟಿಮೀಟರ್ ಇದ್ದರೆ ಅದೇ ಭಾರಕ್ಕೆ 350. ಹಿಡಿ ಎಡಗಡೆಗೆ ಅಡ್ಡವಾಗಿ ಬರುವಂತೆ ಇಟ್ಟು ಕೆಳಕ್ಕೆ ಒತ್ತುವುದು ಸುರಕ್ಷಿತ. ಒಂದು ಕೈಯಿಂದ ಸಾಕೆಟ್ ವಾರೆಯಾಗದಂತೆ ಒತ್ತಿ ಹಿಡಿದು, ಭಾರವನ್ನು ಸಾವಕಾಶವಾಗಿ ಹೆಚ್ಚಿಸಬೇಕು. ಪಾನಾದ ಮೇಲೆ ಹತ್ತಿ ಜಿಗಿಯುವುದು ರಸ್ತೆಬದಿಯಲ್ಲಿ ಕಾಣುವ ದೃಶ್ಯವಾದರೂ, ನಟ್‌ನ ಮೂಲೆ ಸವೆಯುವುದೂ ಕಾಲು ಮುರಿಯುವುದೂ ಹಾಗೆಯೇ. ಅಲುಗದಿದ್ದರೆ ಒಮ್ಮೆ ಬಿಗಿಯುವ ದಿಕ್ಕಿಗೆ ತುಸು ಒತ್ತಿ, ಮತ್ತೆ ಬಿಚ್ಚುವ ದಿಕ್ಕಿಗೆ ತರಬೇಕು. ಕೀರಲು ಸದ್ದಿನೊಡನೆ ತುಸು ಬಿಟ್ಟುಕೊಂಡರೆ ಇನ್ನಷ್ಟು ಎಣ್ಣೆ ಹಾಕಿ, ಹಿಂದೆ ಮುಂದೆ ತಿರುಗಿಸುತ್ತಾ ಹೊರತರಬೇಕು.

ಬೆಂಕಿ ಬೇಡ

ಗ್ಯಾಸ್ ಟಾರ್ಚಿನಿಂದ ನಟ್ ಕಾಯಿಸುವ ಪದ್ಧತಿ ಕೆಲವೆಡೆ ಇದೆ. ಗಾಳಿ ತುಂಬಿದ ಟೈರ್ ಇರುವ ಚಕ್ರದಲ್ಲಿ ಇದನ್ನು ಎಂದಿಗೂ ಮಾಡಬಾರದು. ಬಿಸಿಗೆ ಒಳಗಿನ ರಬ್ಬರ್ ವಿಘಟನೆಗೊಂಡು ಉರಿಯುವ ಅನಿಲ ಹುಟ್ಟುತ್ತದೆ, ಟೈರ್ ಸ್ಫೋಟಿಸಬಹುದು. ಬೆಂಕಿ ಆರಿಸಿದ ಬಳಿಕವೂ ಈ ಅಪಾಯ ಉಳಿದಿರುತ್ತದೆ. ಬೇರಿಂಗ್‌ನ ಗ್ರೀಸ್ ಕರಗುವುದು, ಹಾಕಿದ ಎಣ್ಣೆಯೇ ಹೊತ್ತಿಕೊಳ್ಳುವುದು ಬೇರೆ.

ಮೂಲೆ ಸವೆದಿದ್ದರೆ

ಪಾನಾ ಜಾರಿ ನಟ್ ಗುಂಡಗಾಗಿದ್ದರೆ, ಒಂದು ಅಳತೆ ಚಿಕ್ಕದಾದ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ತಿರುಗಿಸುವುದು ಮೊದಲ ಉಪಾಯ. ಇದಕ್ಕೆ ಹಳೆಯ ಸಾಕೆಟ್ ಇರಲಿ, ಏಕೆಂದರೆ ಅದು ಹಾಳಾಗಬಹುದು. ಒಳಗೆ ಸುರುಳಿ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಇನ್ನೂ ಉತ್ತಮ. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಅದರ ಹಲ್ಲುಗಳು ನಟ್ಟನ್ನು ಕಚ್ಚಿಕೊಳ್ಳುತ್ತವೆ.

ಇದೂ ಫಲಿಸದಿದ್ದರೆ ನಟ್ ಸೀಳುವುದು, ಸ್ಟಡ್ ಕೊರೆಯುವುದು ಅಥವಾ ನಟ್‌ಗೆ ಇನ್ನೊಂದು ನಟ್ ವೆಲ್ಡ್ ಮಾಡಿ ತಿರುಗಿಸುವುದು ಉಳಿದ ದಾರಿಗಳು. ಇವೆಲ್ಲ ಗ್ಯಾರೇಜಿನ ಕೆಲಸಗಳು. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಸಂಪರ್ಕ ತೆಗೆಯಬೇಕು, ಟೈರಿನ ಗಾಳಿಯ ವಿಚಾರದಲ್ಲಿ ಮೇಲಿನ ಎಚ್ಚರಿಕೆ ಇಲ್ಲಿಯೂ ಅನ್ವಯ. ನಟ್‌ನೊಡನೆ ಸ್ಟಡ್ ಕೂಡ ತಿರುಗುತ್ತಿದ್ದರೆ, ಹಬ್‌ನೊಳಗೆ ಸ್ಟಡ್ಡನ್ನು ಹಿಡಿದಿರುವ ಹಲ್ಲುಗಳು ಸವೆದಿವೆ ಎಂದರ್ಥ. ಆಗ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ನಟ್ ಕತ್ತರಿಸಿ ಸ್ಟಡ್ ಬದಲಿಸಬೇಕು.

ನಟ್ ಬಂದರೂ ಚಕ್ರ ಬರದಿದ್ದರೆ, ನಟ್‌ಗಳನ್ನು ಎರಡು ಮೂರು ಸುತ್ತು ಮರಳಿ ಕೂರಿಸಿ, ಟೈರಿನ ಬದಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ರಬ್ಬರ್ ಸುತ್ತಿಗೆಯಿಂದ ಬಡಿಯಬೇಕು. ಕಾರಿಗೆ ಜ್ಯಾಕ್ ಅಲ್ಲದೆ ಗಟ್ಟಿ ಸ್ಟ್ಯಾಂಡಿನ ಆಸರೆಯೂ ಇರಬೇಕು. ಕಾರಿನಡಿ ತಲೆ ಕೈ ಚಾಚಬಾರದು.

ಮರಳಿ ಕೂರಿಸುವಾಗ

ಗುಂಡಗಾದ ನಟ್, ಎಳೆದಂತಾದ ಥ್ರೆಡ್ ಇವುಗಳನ್ನು ಮತ್ತೆ ಬಳಸಬಾರದು. ನಟ್ ಬಿಗಿದಾಗ ಸ್ಟಡ್ ಸ್ಪ್ರಿಂಗಿನಂತೆ ತುಸು ಹಿಗ್ಗಿ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡವೇ ಚಕ್ರವನ್ನು ಕಾಯುವುದು. ಮಿತಿಮೀರಿ ಹಿಗ್ಗಿದ ಸ್ಟಡ್‌ನಲ್ಲಿ ಆ ಹಿಡಿತವಿಲ್ಲ. ನಾಲ್ಕರಲ್ಲಿ ಒಂದು ತುಂಡಾದರೆ ಅದರ ಹೊರೆಯೆಲ್ಲ ಉಳಿದ ಮೂರರ ಮೇಲೆ. ಹಾಗೆ ಓಡಿದ ಕಾರಿನ ಇತರ ಸ್ಟಡ್‌ಗಳನ್ನೂ ಪರೀಕ್ಷಿಸಬೇಕು.

ಮತ್ತೆ ಬಿಗಿದುಕೊಳ್ಳಬಾರದೆಂದು ಥ್ರೆಡ್‌ಗೆ ಗ್ರೀಸ್ ಮೆತ್ತುವವರಿದ್ದಾರೆ. ಒಣ ಥ್ರೆಡ್‌ನಲ್ಲಿ ನಾವು ಹಾಕುವ ಬಲದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಸ್ಟಡ್ಡನ್ನು ಎಳೆಯುತ್ತದೆ. ಉಳಿದದ್ದು ಘರ್ಷಣೆಗೆ ವ್ಯಯವಾಗುತ್ತದೆ. ಗ್ರೀಸ್ ಆ ಘರ್ಷಣೆಯನ್ನು ಕುಗ್ಗಿಸುವುದರಿಂದ ಅದೇ ಬಲಕ್ಕೆ ಸ್ಟಡ್ ಅತಿಯಾಗಿ ಹಿಗ್ಗುತ್ತದೆ. ಆದ್ದರಿಂದ ಕೈಪಿಡಿ ಹೇಳದ ಹೊರತು ಥ್ರೆಡ್ ಒಣಗಿಯೇ ಇರಲಿ. ಬಿಚ್ಚುವಾಗ ಹಾಕಿದ ಎಣ್ಣೆಯನ್ನೂ ಒರೆಸಿ ತೆಗೆಯಬೇಕು. ಚಕ್ರ ಅಂಟುವ ಹಬ್‌ನ ನಡುಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಬಹುದು.

ಎಲ್ಲ ನಟ್‌ಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಬಳಿಕ ಒಂದರ ನಂತರ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿಯುತ್ತಾ, ಕಾರನ್ನು ನೆಲಕ್ಕಿಳಿಸಿ ಟಾರ್ಕ್ ಪಾನಾದಿಂದ ಕೈಪಿಡಿಯ ಅಳತೆಗೆ ಮುಗಿಸಬೇಕು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು ಕಡ್ಡಾಯ.

ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುನ್ನ, ಮನೆಯಂಗಳದಲ್ಲೇ ಒಂದೊಂದು ನಟ್ಟನ್ನೂ ಒಮ್ಮೆ ಬಿಚ್ಚಿ ಕೂರಿಸಿದರೆ ಈ ಸಂಕಷ್ಟದ ಬಹುಪಾಲು ತಪ್ಪುತ್ತದೆ. ಟೈರ್ ಬದಲಿಸಿದಾಗ ಕೊನೆಯ ಬಿಗಿತವನ್ನು ಏರ್ ಗನ್ನಿಗೆ ಬಿಡದೆ ಕೈಪಾನಾದಿಂದ ಮಾಡಿಸಿಕೊಳ್ಳಿ. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಆರು ಮೂಲೆಯ ಸಾಕೆಟ್ಟೊಂದು, ಎರಡಡಿ ಉದ್ದದ ಹಿಡಿಯೊಂದು ಇರಲಿ.