೧೨೫ ಗ್ರಾಮ್ ಬ್ರೆಡ್ಡು

ಯುದ್ಧವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸೈನಿಕರು, ಫಿರಂಗಿಗಳು, ವಿಮಾನಗಳು. ಆದರೆ ಯುದ್ಧವು ಸಾಮಾನ್ಯ ಗೃಹಸ್ಥನ ಅಡಿಗೆಮನೆಯನ್ನೂ ಹೊಕ್ಕು ಪರೀಕ್ಷಿಸುತ್ತದೆ. ಇಂದು ಸೇಂಟ್ ಪೀಟರ್ಸ್‌ಬರ್ಗ್ ಎನಿಸಿಕೊಂಡಿರುವ ರಶಿಯಾದ ಲೆನಿನ್‌ಗ್ರಾಡ್ ನಗರವು ೧೯೪೧ರ ಸೆಪ್ಟೆಂಬರ್ ೮ರಿಂದ ೧೯೪೪ರ ಜನವರಿ ೨೭ರವರೆಗೆ ಜರ್ಮನ್ ಮುತ್ತಿಗೆಯಲ್ಲಿ ಪಟ್ಟ ಪಾಡೇ ಇದಕ್ಕೆ ಸಾಕ್ಷಿ.

ಮುತ್ತಿಗೆ ಬಿಗಿದ ದಿನವೇ ಬದಾಯೆವ್ ಉಗ್ರಾಣಗಳ ಮೇಲೆ ಬಾಂಬುಗಳು ಬಿದ್ದವು. ಒತ್ತೊತ್ತಾಗಿದ್ದ ಮರದ ಕಟ್ಟಡಗಳಲ್ಲಿ ಬೆಂಕಿ ಹಬ್ಬಿ, ಹಿಟ್ಟು ಸಕ್ಕರೆಗಳು ಬೂದಿಯಾದವು. ಇದ್ದುದೆಲ್ಲವನ್ನೂ ಒಂದೇ ಕಡೆ ಕೂಡಿಡಬಾರದೆಂಬುದು ಮೊದಲನೆಯ ಪಾಠ.

ನವೆಂಬರ್ ೨೦ರಿಂದ ಕಾರ್ಖಾನೆಯ ಕಾರ್ಮಿಕನಿಗೆ ದಿನವೊಂದಕ್ಕೆ ೨೫೦ ಗ್ರಾಮ್ ಬ್ರೆಡ್ಡು. ಕಚೇರಿಯ ಗುಮಾಸ್ತನಿಗೂ, ಮಕ್ಕಳಿಗೂ, ಅವಲಂಬಿತರಿಗೂ ೧೨೫ ಗ್ರಾಮ್ ಮಾತ್ರ! ಆ ಹಿಟ್ಟಿಗೂ ಮರದ ನಾರಿನ ಪುಡಿ ಬೆರೆತಿತ್ತು. ದಿನವಿಡೀ ಪರರ ತಟ್ಟೆ ತುಂಬಿಸುವ ನಮ್ಮ ಹೋಟೆಲ್ ಬಂಧುಗಳು ಆ ತುಣುಕಿನ ತೂಕವನ್ನು ಅಂಗೈಯಲ್ಲೇ ಊಹಿಸಬಲ್ಲರು. ಅದನ್ನೂ ಒಮ್ಮೆಲೇ ತಿನ್ನದೆ, ಹೊತ್ತುಹೊತ್ತಿಗೆ ಭಾಗಮಾಡಿ ತಿಂದವರುಂಟು.

ಬರಗಾಲದಲ್ಲಿ ಅಧಿಕಮಾಸವೆಂಬಂತೆ ಘೋರ ಚಳಿಯೂ ಬಂದಿತು. ನಲ್ಲಿಗಳು ಹೆಪ್ಪುಗಟ್ಟಿದವು, ದೀಪಗಳು ಆರಿದವು. ಹೆಂಗಸರು ನೇವಾ ನದಿಯ ಮಂಜುಗಡ್ಡೆಯ ರಂಧ್ರಗಳಿಂದ ನೀರು ತುಂಬಿ, ಮಕ್ಕಳ ಜಾರುಬಂಡಿಗಳಲ್ಲಿ ಎಳೆದು ತಂದರು. ಪಡಿತರ ಚೀಟಿ ಕಳೆದವನಿಗೆ ಬದಲು ಚೀಟಿ ದುರ್ಲಭ. ಅದನ್ನು ಪ್ರಾಣದಂತೆ ಕಾಯಬೇಕಾಯಿತು. ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ಪೈನ್ ಮರದ ಎಲೆಗಳ ಕಷಾಯವೇ ಮದ್ದಾಯಿತು. ಹೆಪ್ಪುಗಟ್ಟಿದ ಲದೋಗಾ ಸರೋವರದ ಮೇಲೆ ಲಾರಿಗಳು ಧಾನ್ಯ ತಂದವು. ವಸಂತ ಬರುತ್ತಲೇ, ನಿಲ್ಲಲೂ ತ್ರಾಣವಿಲ್ಲದ ಜನರು ಬೀದಿಗಳನ್ನು ಗುಡಿಸಿದರು. ಸಂತ ಐಸಾಕರ ಇಗರ್ಜಿಯ ಮುಂದಣ ಚೌಕದಲ್ಲಿ ಕೋಸು ಬೆಳೆದರು. ಬೀಜಸಂಗ್ರಹಾಲಯದ ವಿಜ್ಞಾನಿಗಳಲ್ಲಿ ಕೆಲವರು ಹಸಿವಿನಿಂದ ಸತ್ತರೇ ಹೊರತು, ನಾಳಿನ ಬಿತ್ತನೆಯ ಕಾಳನ್ನು ಮುಟ್ಟಲಿಲ್ಲ.

ಇಷ್ಟಾದರೂ ಮಡಿದವರು ಆರು ಲಕ್ಷಕ್ಕೂ ಮಿಕ್ಕಿ. ಎಚ್ಚರಿಕೆಯೊಂದರಿಂದಲೇ ಎಲ್ಲರೂ ಉಳಿಯಲಿಲ್ಲ. ಎಚ್ಚರಿಕೆಯಿಲ್ಲದಿದ್ದರೆ ಇನ್ನೆಷ್ಟು ಮಂದಿ ಅಳಿಯುತ್ತಿದ್ದರೋ!

ಊರು ಬಿಟ್ಟು ಬಂದ ನಮಗೆ ಆಪತ್ತು ಯುದ್ಧದ ರೂಪದಲ್ಲಿಯೇ ಬರಬೇಕೆಂದಿಲ್ಲ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಲಿಲ್ಲವೇ? ಬಾಡಿಗೆಯ ಕೋಣೆಯಲ್ಲಿಯೂ ನಾಲ್ಕು ದಿನದ ಅವಲಕ್ಕಿ, ಮುಚ್ಚಿಟ್ಟ ಕುಡಿಯುವ ನೀರು, ನೀರು ತಾಗದಂತೆ ಕಟ್ಟಿಟ್ಟ ಕಾಗದಪತ್ರ, ಕಾಗದದ ಮೇಲೆ ಬರೆದ ಮನೆಯವರ ವಿಳಾಸ, ಇವಿಷ್ಟಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದ ಕೋಣೆಯವನ ಹೆಸರು ನಮಗೆ ತಿಳಿದಿರಲಿ. ಕಷ್ಟಕಾಲದಲ್ಲಿ ಮೊದಲು ಬಾಗಿಲು ತಟ್ಟುವವನು ಅವನೇ.