ಮೊದಲ ತುತ್ತು ಯಾರದು?

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಎಂದಿನಂತೆ ಬಿಸಿಯೂಟಕ್ಕೆ ಕುಳಿತರು. ಅಂದಿನ ಊಟ 23 ಮಕ್ಕಳ ಪ್ರಾಣ ತೆಗೆಯಿತು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ಬೆಳೆಗೆ ಹೊಡೆಯುವ ಕೀಟನಾಶಕ ಅದು. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆ ಮೊದಲೇ ಹೇಳಿದ್ದಳು, ಆದರೂ ಅಡುಗೆ ನಿಲ್ಲಲಿಲ್ಲ ಎಂದು ಆಗ ವರದಿಯಾಯಿತು. 2016ರಲ್ಲಿ ಶಾಲೆಯ ಮುಖ್ಯ ಶಿಕ್ಷಕಿಗೆ ಜೈಲು ಶಿಕ್ಷೆಯಾಯಿತು.

ವಿಷ ಯಾವುದೆಂದು ಪ್ರಯೋಗಾಲಯ ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು.

2015ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬಿಸಿಯೂಟ ನಿಯಮಗಳ ಪ್ರಕಾರ, ಬಡಿಸುವ ಮುನ್ನ ಒಬ್ಬ ಶಿಕ್ಷಕರೂ ಸೇರಿದಂತೆ ದೊಡ್ಡವರು ಅಡುಗೆಯನ್ನು ಉಂಡು ನೋಡಲೇಬೇಕು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಊಟದ ಪರೀಕ್ಷೆಯೂ ಆಗಬೇಕು. ಇವೆರಡರಲ್ಲಿ ಅಂದಂದಿನ ಮಕ್ಕಳನ್ನು ಕಾಯುವುದು ರುಚಿ ನೋಡುವ ಕೆಲಸವೇ. ಮಕ್ಕಳು ಕೈ ತೊಳೆದು ಎದ್ದ ಮೇಲೆ ರಿಜಿಸ್ಟರಿಗೆ ಸಹಿ ಬಿದ್ದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಇನ್ನೂ ಮುಖ್ಯವಾದದ್ದು ಅಡುಗೆಯವರ ಮಾತಿನ ಬೆಲೆ. ನಮ್ಮ ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹದ ಒಲೆಯ ಮುಂದೆ ನಿಲ್ಲುವವರು ಬಹುಪಾಲು ಅದೇ ಊರಿನ ಹೆಣ್ಣುಮಕ್ಕಳು, ಗೌರವಧನಕ್ಕೆ ದುಡಿಯುವವರು. ಬೇಳೆಯಲ್ಲಿ ಹುಳ, ಅಕ್ಕಿಯಲ್ಲಿ ಮುಗ್ಗಲು, ಎಣ್ಣೆಯಲ್ಲಿ ಕಮಟು: ಯಾವ ಅಧಿಕಾರಿಗಿಂತಲೂ ಮೊದಲು ಗೊತ್ತಾಗುವುದು ಅವರಿಗೆ. 'ಇವತ್ತು ಈ ಬೇಳೆ ಬೇಡ ಸಾರ್' ಎಂದು ಅವರು ಹೆದರದೆ ಹೇಳುವಂತಿರಬೇಕು, ಹೇಳಿದ್ದಕ್ಕೆ ಕೆಲಸ ಹೋಗಬಾರದು.

ಗಂಡಾಮನ್ ದುರಂತ ನಡೆದ ಹದಿನಾರು ದಿನಗಳಿಗೆ, 2013ರ ಆಗಸ್ಟ್ 1ರಂದು, ಕರ್ನಾಟಕದಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾಯಿತು. ಕೆಎಂಎಫ್ ಕೊಡುವ ಕೆನೆಭರಿತ ಹಾಲಿನ ಪುಡಿಯಲ್ಲಿ ಮಗುವೊಂದಕ್ಕೆ 18 ಗ್ರಾಂ ತೆಗೆದು 150 ಮಿಲಿ ಲೀಟರ್ ಹಾಲು ಮಾಡಿಕೊಡುವುದು ಲೆಕ್ಕ. ಹಸಿ ಹಾಲನ್ನು ಶಾಲೆ ಶಾಲೆಗೆ ಸಾಗಿಸಿ ಕೆಡದಂತೆ ನೋಡಿಕೊಳ್ಳುವ ತಾಪತ್ರಯ ಇದರಿಂದ ತಪ್ಪಿತು. ಆದರೆ ಪುಡಿ ನೀರಿಗೆ ಬಿದ್ದ ಗಳಿಗೆಯಿಂದ ಹಾಲಿನ ಭದ್ರತೆ ಆ ನೀರಿನದು, ಪಾತ್ರೆಯದು. ಶಾಲೆಯ ತೊಟ್ಟಿ ತೊಳೆದು ಎಷ್ಟು ದಿನವಾಯಿತು, ಪೊಟ್ಟಣದ ಮೇಲಿನ ತಾರೀಖು ಮುಗಿದಿದೆಯೇ, ದಾಸ್ತಾನು ಕೋಣೆಗೆ ತೇವ ಹೊಡೆದಿದೆಯೇ? ಇದನ್ನೆಲ್ಲ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ ಕಣ್ಣಾರೆ ನೋಡಬಹುದು.

ಮನೆಗೆ ಬರುವ ಹಾಲಿನ ಮಾತು ಬೇರೆ. ಹಳ್ಳಿಯ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತಾರೆ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ. ಅದರ ಜೊತೆಗೆ ಸಕ್ಕರೆಯನ್ನೋ ಉಪ್ಪನ್ನೋ ಹಾಕಿದರೆ ಡಿಗ್ರಿ ಮತ್ತೆ ಏರಿ, ಮಾಪಕ ಮೋಸಹೋಗುತ್ತದೆ. ಅದಕ್ಕೇ ಬೇರೆ ಪರೀಕ್ಷೆಗಳೂ ಬೇಕು.

ಜನರ ಭಯವೆಲ್ಲ ಕಲಬೆರಕೆಯ ಕಡೆಗೇ. ಆದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ನಡೆಸಿದ ಹಾಲಿನ ಸಮೀಕ್ಷೆ ಬೇರೊಂದು ಕಡೆಗೆ ಬೆರಳು ತೋರಿಸಿತು. 6,432 ಮಾದರಿಗಳ ಪೈಕಿ ಆರೋಗ್ಯಕ್ಕೆ ಅಪಾಯ ತರುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. 77ರಲ್ಲಿ ಆ್ಯಂಟಿಬಯಾಟಿಕ್, 368ರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿತ್ತು. ಬೂಷ್ಟು ಹಿಡಿದ ಹಿಂಡಿ, ಜೋಳ ತಿಂದ ಹಸುವಿನ ಹಾಲಿಗೆ ಈ ವಿಷ ಇಳಿಯುತ್ತದೆ. ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಕೆಚ್ಚಲು ಬಾವಿಗೆ ಮದ್ದು ಕೊಡಿಸಿದ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಲು ಹಾಕದಿದ್ದರೆ ಆ್ಯಂಟಿಬಯಾಟಿಕ್ ತೊಂದರೆ ತಪ್ಪುತ್ತದೆ. ಆದರೆ ಆ ಕೆಲವು ದಿನಗಳ ನಷ್ಟವನ್ನು ರೈತನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹಾಲು ಒಕ್ಕೂಟಗಳು ಇದಕ್ಕೊಂದು ದಾರಿ ಹುಡುಕಬೇಕು.

ಕಾನೂನಿನ ಕಾವಲು ಆಹಾರ ಸುರಕ್ಷತಾಧಿಕಾರಿಯದು, ಅವರ ಮೇಲೆ ಅಂಕಿತಾಧಿಕಾರಿ. 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಅವರು ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಆಹಾರ ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಕೊಳ್ಳುವವರಿಗೂ ಅದೇ ಕಾಯ್ದೆಯ 40ನೇ ಸೆಕ್ಷನ್ ಒಂದು ಹಕ್ಕು ಕೊಟ್ಟಿದೆ. ಪರೀಕ್ಷೆಗೆ ಕಳಿಸುವುದಾಗಿ ಮಾರುವವರಿಗೆ ಕೊಳ್ಳುವಾಗಲೇ ತಿಳಿಸಿ, ಶುಲ್ಕ ಕಟ್ಟಿ, ಯಾರು ಬೇಕಾದರೂ ತಾವು ಕೊಂಡ ಹಾಲನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹಾಲು ಕಾಯ್ದೆಯ ಅಳತೆಗೆ ನಿಲ್ಲದಿದ್ದರೆ ಕಟ್ಟಿದ ಶುಲ್ಕ ವಾಪಸ್.