ಮೊದಲು ಮಾದಪ್ಪ, ಆಮೇಲೆ ಸಿದ್ದಪ್ಪಾಜಿ

ಕಡಕೊಳ ಎಂದ ಕೂಡಲೇ ಹಲವರಿಗೆ ತತ್ವಪದಕಾರ ಮಡಿವಾಳಪ್ಪನವರು ನೆನಪಾಗುತ್ತಾರೆ. ಆ ಕಡಕೋಳ ಕಲಬುರಗಿ ಸೀಮೆಯದು. ನಮ್ಮದು ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುವ ಕಡಕೊಳ. ಹೆದ್ದಾರಿ, ಚಾಮರಾಜನಗರದ ರೈಲು ಹಳಿ, ಟಿವಿಎಸ್ ಮೊದಲಾದ ಕಾರ್ಖಾನೆಗಳು, ದಿನವಿಡೀ ಕೇರಳದ ಕಡೆ ಓಡುವ ಲಾರಿಗಳು. ಹೊಲಗಳು ಲೇಔಟ್ ಆದವು, ಊರಿಗೆ ಪಟ್ಟಣ ಪಂಚಾಯಿತಿಯ ಬೋರ್ಡು ಬಂತು, ಹುಡುಗರು ರಾಗಿ ಕೊಯ್ಲಿಗಿಂತ ಸೆಕೆಂಡ್ ಶಿಫ್ಟನ್ನೇ ಹೆಚ್ಚು ಬಲ್ಲವರಾದರು. ಆದರೂ ಜನವರಿಯ ಬನದ ಹುಣ್ಣಿಮೆ ಹತ್ತಿರವಾಯಿತೆಂದರೆ ಅಟ್ಟದ ಮೇಲಿನ ಟಾರ್ಪಾಲು ಕೆಳಗಿಳಿಯುತ್ತದೆ, ಅದನ್ನು ಬಿಸಿಲಿಗೆ ಹರಡಿ ಇಲಿ ಕಡಿದ ತೂತುಗಳನ್ನು ಹುಡುಕುವ ಕೆಲಸ ಶುರುವಾಗುತ್ತದೆ.

ಚಿಕ್ಕಲ್ಲೂರು ಜಾತ್ರೆಗೆ ಬಾಡಿಗೆ ಟೆಂಪೊ ಟ್ರಾವೆಲರಿನಲ್ಲಿ ಮನೆ ಮಂದಿ, ಹಿಂದೆ ಟಾಟಾ ಏಸ್‌ನಲ್ಲಿ ಸಾಮಾನು. ಅಕ್ಕಿ, ರಾಗಿಹಿಟ್ಟು, ಹುರುಳಿಕಾಳು, ಸೊಗಡು ಬಿಡದ ಹೊಸ ಅವರೆಕಾಯಿ ಒಂದು ಮೂಟೆ, ಹುಣಸೆಹಣ್ಣು, ಖಾರದಪುಡಿ, ಮದುವೆ ಮನೆಯಷ್ಟು ದೊಡ್ಡ ಪಾತ್ರೆಗಳು, ಹಿಟ್ಟಿನ ದೊಣ್ಣೆ, ಕವೆಗೋಲು, ನೀರಿನ ಕ್ಯಾನು, ಗೂಟ, ಹಗ್ಗ, ಕಂಬಳಿ. ಸೌದೆಯನ್ನೂ ಇಲ್ಲಿಂದಲೇ ಹೊತ್ತೊಯ್ಯಬೇಕು. ಕಾಡಿನಲ್ಲಿ ಕಡ್ಡಿ ಮುರಿದರೂ ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಹಾಗಾಗಿ ತೆಂಗಿನ ಮಟ್ಟೆಯ ಕಟ್ಟುಗಳು ಏಸ್‌ನ ತಲೆಯ ಮೇಲೆ ಏರಿ ಕೂತವು. ಗ್ಯಾಸ್ ಒಲೆ ತರೋಣವೆಂದ ಚಿಕ್ಕಪ್ಪನಿಗೆ ಅಜ್ಜಿ ಉತ್ತರವನ್ನೇ ಕೊಡಲಿಲ್ಲ.

ದಾರಿಯ ವಿಷಯದಲ್ಲೂ ಅಜ್ಜಿಯ ಮಾತೇ ಕೊನೆ. ಚಿಕ್ಕಲ್ಲೂರಿಗೆ ನೇರ ಹೋದರೆ ಅರ್ಧ ದಿನದ ಕೆಲಸ. ಆದರೆ ಮೊದಲು ಮಲೆ ಮಹದೇಶ್ವರ ಬೆಟ್ಟ, ಅಲ್ಲೊಂದು ರಾತ್ರಿ, ಆಮೇಲೆ ಚಿಕ್ಕಲ್ಲೂರು. “ಬಾಡ್ ತಿಂದ ಬಾಯಲ್ಲಿ ಬೆಟ್ಟ ಹತ್ತಕ್ಕಾದದಾ? ಮೊದ್ಲು ಮಾದಪ್ಪ, ಆಮ್ಯಾಕೆ ಸಿದ್ದಪ್ಪಾಜಿ.” ಮಾದಪ್ಪನದು ಸಸ್ಯಾಹಾರ. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಜಾತ್ರೆಯಲ್ಲಿ ನಾಲ್ಕನೇ ದಿನ ಪಂಕ್ತಿಸೇವೆ, ಬಾಡಿನ ಸಾಲೂಟ. ಈ ಕ್ರಮಕ್ಕೆ ತಕ್ಕಂತೆ ಡೀಸೆಲ್ ಲೆಕ್ಕ ಹಾಕಬೇಕೇ ಹೊರತು ಡೀಸೆಲ್ಲಿಗೆ ತಕ್ಕಂತೆ ದೇವರನ್ನಲ್ಲ.

ನಂಜನಗೂಡಿನಲ್ಲಿ ಕಪಿಲೆ ದಾಟುವಾಗ ಎಲ್ಲರೂ ಕೂತಲ್ಲೇ ಶ್ರೀಕಂಠೇಶ್ವರನಿಗೆ ಕೈಮುಗಿದರು. ಪಕ್ಕದಲ್ಲಿ 1735ರ ಹಳೆಯ ಸೇತುವೆ, ಕಾಲದ ಭಾರಕ್ಕೆ ಬಗ್ಗದೆ ನಿಂತ ಕಲ್ಲಿನ ಕಮಾನುಗಳು. ಸುತ್ತೂರಿನ ಹೆಸರು ಬಂದದ್ದೇ ಅಜ್ಜಿಯ ಕತೆ ಶುರು. ಉತ್ತರಾಜಮ್ಮನ ಮಗ ಮಾದಪ್ಪ ಸುತ್ತೂರು ಮಠಕ್ಕೆ ಬಂದದ್ದು, ಮಠದವರು ಅವನನ್ನು ರಾಗಿ ಬೀಸಲು ಕೂರಿಸಿದ್ದು, ಅಲ್ಲಿಂದ ಕುಂತೂರು ಮಠಕ್ಕೆ ಹೋದದ್ದು, ಕೊನೆಗೆ ಎಪ್ಪತ್ತೇಳು ಮಲೆಯ ನಡುವೆ ನೆಲೆಸಿದ್ದು. ಅವಳು ಹೇಳುವ ಧಾಟಿ ಕೇಳಿದರೆ ಇದೆಲ್ಲ ಹೋದ ವಾರ ಅಕ್ಕಪಕ್ಕದ ಮನೆಯಲ್ಲಿ ನಡೆದ ಹಾಗಿರುತ್ತದೆ. ನನಗೆ ಆಗ ಹೊಳೆದದ್ದು ಇಷ್ಟು: ನಮ್ಮ ಟೆಂಪೊ ಓಡುತ್ತಿರುವುದು ದೇವರು ನಡೆದುಹೋದ ದಾರಿಯ ಗುಂಟ. ಈ ಕಡೆಯ ದೇವರುಗಳೆಲ್ಲ ಹೀಗೆಯೇ, ಒಂದು ಕಡೆ ಕೂತವರಲ್ಲ. ಮಾದಪ್ಪ ಅಲೆದ, ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿ ಅಲೆದ, ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದ. ಅವರ ಒಕ್ಕಲೂ ವರ್ಷಕ್ಕೊಮ್ಮೆ ಮನೆಗೆ ಬೀಗ ಹಾಕಿ ಹೊರಡುತ್ತದೆ.

ಗಾಂಧೀಜಿ ಬಂದುಹೋದ ಬದನವಾಳು, ಆಮೇಲೆ ಕವಲಂದೆ. ಚಾಮರಾಜನಗರದಲ್ಲಿ ಸೋದರತ್ತೆ ಎರಡು ಡಬ್ಬಿ ಕಜ್ಜಾಯದ ಸಮೇತ ಹತ್ತಿಕೊಂಡಳು. ಯಳಂದೂರಿನ ಬಳೆಮಂಟಪವನ್ನು ಹುಡುಗರಿಗೆ ತೋರಿಸಬೇಕೆಂಬ ನನ್ನ ಆಸೆಗೆ ಯಾರೂ ಸೊಪ್ಪು ಹಾಕಲಿಲ್ಲ. ಬಲಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು ನೀಲಿಯಾಗಿ ಜೊತೆಗೇ ಬರುತ್ತಿತ್ತು. ಕುಂತೂರು, ಕೊಳ್ಳೇಗಾಲ. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕಡೆಯ ಕೊಯಮತ್ತೂರು ಜಿಲ್ಲೆಯದು. ಅಜ್ಜಿಯ ಅಪ್ಪನ ಕಾಲದಲ್ಲಿ ಈ ಜಾತ್ರೆಗೆ ಗಾಡಿ ಕಟ್ಟಿದವರು ಮೈಸೂರು ಸೀಮೆ ದಾಟಿ ಪರರಾಜ್ಯಕ್ಕೆ ಹೋಗುತ್ತಿದ್ದರು.

ಹನೂರು ಬಿಟ್ಟ ಮೇಲೆ ನೆಲದ ಬಣ್ಣ ಬೇರೆ. ಕಾಲುವೆ ನೀರಿನ ಹಸಿರು ಹಿಂದೆಯೇ ಉಳಿಯಿತು. ಕೊಯ್ದ ರಾಗಿಯ ಕೂಳೆ, ಒಣಗಿದ ಹುರುಳಿ ಬಳ್ಳಿ, ಜಾಲಿ, ಎಕ್ಕ, ಹೊಲದ ಬದುವಿಗೆ ಜನ ಆರಿಸಿ ಪೇರಿಸಿದ ಕಲ್ಲುಗಳ ಸಾಲು. ಕಲ್ಲೇ ಬೆಳೆ ಎನ್ನುವಷ್ಟು ಕಲ್ಲು. ಒಂದು ಊರಿಗೂ ಇನ್ನೊಂದು ಊರಿಗೂ ನಡುವೆ ಮೇಕೆ ಮಂದೆ, ಮಂದೆಯ ಹಿಂದೆ ತಲೆಗೆ ಟವೆಲು ಸುತ್ತಿದ ಒಬ್ಬ ಹುಡುಗ, ಅಷ್ಟೆ. ಹುಣಸೆ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಮಜ್ಜಿಗೆ ಮೆಣಸಿನಕಾಯಿ.

ಅಲ್ಲಿ ಚಿಕ್ಕಪ್ಪನ ಮಗಳು ತನ್ನ ಫೋನಿನಲ್ಲಿ ಅಜ್ಜಿಗೆ ಮೆಲ್ಬರ್ನಿನ ಭಾವ ಕಳಿಸಿದ ಫೋಟೊಗಳನ್ನು ತೋರಿಸಿದಳು. ಆಸ್ಟ್ರೇಲಿಯಾದ ಒಳನಾಡು, ಅಲ್ಲಿನವರು ಔಟ್‌ಬ್ಯಾಕ್ ಎನ್ನುವ ಕೆಂಪು ಮಣ್ಣಿನ ಬಟಾಬಯಲು. ಗಾಡಿಯ ತಲೆಯ ಮೇಲೆ ಮಡಚುವ ಡೇರೆ, ಮುಂದೆ ಕುರ್ಚಿ ಹಾಕಿಕೊಂಡು ಕೂತ ಭಾವ, ಅಕ್ಕ, ಎರಡು ಮಕ್ಕಳು. ಕಣ್ಣು ಹಾಯುವಷ್ಟು ದೂರ ಇನ್ನೊಂದು ನರಪಿಳ್ಳೆ ಇಲ್ಲ. ಅಜ್ಜಿ ಫೋಟೊವನ್ನು ಹತ್ತಿರ ಹಿಡಿದು ನೋಡಿ ಕೇಳಿದಳು: “ಅಲ್ಲಿ ಯಾವ ದೇವ್ರದೆ?” ಯಾವ ದೇವರೂ ಇಲ್ಲ, ಸುಮ್ಮನೆ ನೋಡಲು ಹೋಗುತ್ತಾರೆ ಎಂದದ್ದಕ್ಕೆ, “ಸುಮ್ನೆ ಯಾಕ್ ಹೋದರು?” ಎಂದಳು. ತಮಾಷೆಗೆ ಕೇಳಿದ್ದಲ್ಲ. ಅವಳ ಲೆಕ್ಕದಲ್ಲಿ ಕಾಡು ಮೇಡಿಗೆ ಹೋಗಲು ಒಂದು ಕರೆ ಬರಬೇಕು. ಹೋದ ಮೇಲೆ ಅಲ್ಲಿ ಮಂದಿಯಿರಬೇಕು, ಮಂದಿಗೆ ಅನ್ನ ಇಕ್ಕಬೇಕು. ಒಂಟಿಯಾಗಿ ಕುರ್ಚಿ ಹಾಕಿಕೊಂಡು ಕೂರುವುದು ಅವಳಿಗೆ ಶಿಕ್ಷೆಯಂತೆ ಕಂಡಿತು.

ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದಾಗ ಫೋನುಗಳು ಒಂದೊಂದಾಗಿ ಉಸಿರು ಬಿಟ್ಟವು. ಇಲ್ಲಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. ದಾರಿಯ ಎರಡೂ ಮಗ್ಗುಲಿಗೆ ಲಂಟಾನದ ಪೊದೆ, ಅದರಾಚೆ ಎಲೆ ಉದುರಿಸಿಕೊಂಡ ಕುರುಚಲು ಕಾಡು, ಅದರಾಚೆ ಒಂದರ ಹಿಂದೊಂದು ಮಲೆ. ಚಿಕ್ಕಪ್ಪನ ಬಾಯಿಗೆ ವೀರಪ್ಪನ್ ಬಂದ. ಇಲ್ಲಿಂದ ಮುಂದೆ ಪಾಲಾರ್ ದಾರಿಯಲ್ಲಿ 1993ರ ಏಪ್ರಿಲ್‌ನಲ್ಲಿ ನೆಲಬಾಂಬು ಸಿಡಿಸಿ 22 ಮಂದಿಯನ್ನು ಕೊಂದದ್ದು, 2004ರ ಅಕ್ಟೋಬರಿನಲ್ಲಿ ಅವನೇ ಸಾಯುವವರೆಗೆ ಇತ್ತ ಬರಲು ಜನ ಅಂಜಿದ್ದು. ಆಗಲೂ ಮಾದಪ್ಪನ ಪರುಷೆ ನಿಲ್ಲಲಿಲ್ಲ ಎಂದು ಅಜ್ಜಿ ನಡುವೆ ಬಾಯಿ ಹಾಕಿದಳು.

ಹುಲಿಯ ಮಾತು ಬಂದಾಗ ಮಾತ್ರ ಅವಳು ಸುಮ್ಮನಾದಳು. 2025ರ ಜೂನ್‌ನಲ್ಲಿ ಈ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷ ಬೆರೆತ ಮಾಂಸ ತಿಂದು ಸತ್ತವು. ದೇವರು ಹುಲಿಯೇರಿ ಬರುವ ಬೆಟ್ಟ ಇದು. 2023ರಲ್ಲಿ ಮೇಲೆ ಎದ್ದು ನಿಂತ 108 ಅಡಿಯ ಪ್ರತಿಮೆಯೂ ಹುಲಿಯ ಮೇಲೆಯೇ. ಸಿಮೆಂಟಿನ ಹುಲಿಗೆ ಕೈಮುಗಿಯುವ ಊರುಗಳಿಗೂ ಹಸು ಕಳಕೊಂಡು ಕುದಿಯುವ ದೊಡ್ಡಿಗಳಿಗೂ ನಡುವೆ ಬಹಳ ದೂರವಿಲ್ಲ. ಅಲ್ಲಿ ಹಸುವೇ ಜೀವನ, ಪರಿಹಾರದ ದುಡ್ಡು ಕೈಗೆ ಬರುವವರೆಗೆ ಹೊಟ್ಟೆ ಕಾಯುವುದಿಲ್ಲ. ಹಾಗೆಂದು ವಿಷವಿಟ್ಟದ್ದು ಸರಿಯಾಗುವುದಿಲ್ಲ.

ಬೆಟ್ಟದ ಮೇಲೆ ಸಂಜೆಯಾದರೆ ಚಳಿ ಮೂಳೆಗೆ ಇಳಿಯುತ್ತದೆ. ರಂಗಮಂದಿರದ ಸುತ್ತ ಬಯಲಲ್ಲಿ ಸಾಲು ಸಾಲು ಸಂಸಾರಗಳು ಚಾಪೆ ಹಾಸಿದ್ದವು. ದೇವಸ್ಥಾನದ ದಾಸೋಹದಲ್ಲಿ ಬೇಕಾದಷ್ಟು ಊಟ ಸಿಗುತ್ತದೆ. ಆದರೂ ಹತ್ತಾರು ಕಡೆ ಒಲೆ ಹೊಗೆಯಾಡುತ್ತಿತ್ತು. ಸೋದರತ್ತೆಗೆ ರಜ ಹೊಡೆಯುವ ಹರಕೆ. ಮನೆಯಿಂದ ತಂದ ಪೊರಕೆ ಹಿಡಿದು ಗುಡಿಯ ಸುತ್ತ ಗುಡಿಸಿಕೊಂಡು ಹೋದಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಒಬ್ಬಳು ಗುಡಿಸಿದ ನೆಲವನ್ನೇ ಮತ್ತೊಬ್ಬಳು ಗುಡಿಸುತ್ತಾಳೆ, ಯಾರಿಗೂ ಅದು ದಂಡದ ಕೆಲಸವೆನ್ನಿಸುವುದಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡಲು ಕೂತರು. ಶ್ರವಣದೊರೆಗೆ ಮಾದಪ್ಪ ಅರಗಿನ ಪಾದರಕ್ಷೆ ಮಾಡಿಕೊಟ್ಟು ಕೊಂದ ಕತೆ. ಹುಡುಗರು ಫೋನು ಮರೆತು ಕೇಳಿದರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅರ್ಧ ಕೇಳಿ ನಿದ್ದೆಹೋದರು.

ಮಾರನೆ ದಿನ ಬೆಟ್ಟ ಇಳಿದು ಕೊತ್ತನೂರು ದಾಟಿ ಚಿಕ್ಕಲ್ಲೂರು ಸೇರಿದಾಗ ಜಾತ್ರೆಯ ಮೂರನೇ ದಿನದ ಹೊತ್ತು ಇಳಿಯುತ್ತಿತ್ತು. ದೂರದಿಂದ ಮೊದಲು ಕಾಣುವುದು ಧೂಳು. ಧೂಳಿನೊಳಗೆ ಹೊಕ್ಕ ಮೇಲೆ ನೀಲಿ, ಹಳದಿ, ಕಪ್ಪು ಟಾರ್ಪಾಲುಗಳು, ಸೀರೆ ಕಟ್ಟಿದ ಮರೆಗಳು, ನೀರಿನ ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಮೈಸೂರು, ಮಂಡ್ಯ, ರಾಮನಗರ, ಚಾಮರಾಜನಗರದ ಒಕ್ಕಲುಗಳು ತಂತಮ್ಮ ಊರಿನ ಗುಂಪು ಕಟ್ಟಿಕೊಂಡು ಕೂತಿರುತ್ತವೆ. “ಇಲ್ಲೇ ಬುಡಾರ ಹಾಕದ ಕನ್ಲಾ” ಎಂದು ಅಜ್ಜಿ ಒಂದು ಬೇಲದ ಮರ ತೋರಿಸಿದಳು.

ಟಾರ್ಪಾಲು ಕಟ್ಟುವುದರಲ್ಲಿ ದೊಡ್ಡಪ್ಪನದೇ ಒಂದು ಶಾಸ್ತ್ರ. ಒಂದು ಹಗ್ಗ ಮರದ ಕವೆಗೆ, ಇನ್ನೊಂದು ಏಸ್‌ನ ಕೊಂಡಿಗೆ. ನಡುವೆ ಟಾರ್ಪಾಲು ಎಸೆದು ನಾಲ್ಕು ಮೂಲೆಗೂ ಗೂಟ. ನೆಲ ಗಟ್ಟಿ, ಗೂಟ ಇಳಿಯಲಿಲ್ಲ. ಮೂಲೆಗೊಂದು ಕಲ್ಲು ಸುತ್ತಿ ಕಟ್ಟಿದರು. ಇಲ್ಲಿ ಕಲ್ಲಿಗೆ ಬರವೇ? ಅದೇ ಕಲ್ಲಿನಲ್ಲಿ ಮೂರು ಒಲೆಗೂ ಬಂದವು. ಕತ್ತಲಾಗುವಷ್ಟರಲ್ಲಿ ನೀರು ಕುದಿದು ಹಿಟ್ಟು ಬಿದ್ದಿತ್ತು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೇಳುವುದು. ಮನೆಯಲ್ಲಿ ನಾಲ್ಕು ಜನಕ್ಕೆ ಚಿಕ್ಕಮ್ಮ ಒಬ್ಬಳೇ ತಿರುವುತ್ತಾಳೆ, ಯಾರೂ ಎದ್ದು ನೋಡುವುದಿಲ್ಲ. ಇಲ್ಲಿ ಬಿಡಾರಕ್ಕೆಲ್ಲ ಆಗಬೇಕು. ದೊಡ್ಡಪ್ಪ ಪಾತ್ರೆಯ ಕಂಠಕ್ಕೆ ಕವೆಗೋಲು ಒತ್ತಿ ಅದರ ಮೇಲೆ ಕಾಲಿಟ್ಟು ನಿಂತ. ಚಿಕ್ಕಪ್ಪ ದೊಣ್ಣೆ ಎರಡೂ ಕೈಯಲ್ಲಿ ಹಿಡಿದು ತಿರುವಿದ. ಹಣೆಯ ಬೆವರು ಕೆನ್ನೆಗಿಳಿದರೂ ಕೈ ಬಿಡುವ ಹಾಗಿಲ್ಲ, ಬಿಟ್ಟರೆ ಗಂಟು ಕಟ್ಟುತ್ತದೆ. “ಗಂಟು ಗಂಟು” ಎಂದು ಚಿಕ್ಕಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಧಿಕಾರ ನಡೆಸಿದಳು. ವರ್ಷದಲ್ಲಿ ಇದೊಂದು ರಾತ್ರಿ ಅವಳಿಗೆ ಈ ಭಾಗ್ಯ. ಹಿದುಕಿದ ಅವರೆಯ ಸಾರು, ಹಿಟ್ಟು. ಪಕ್ಕದ ಬಿಡಾರದಿಂದ ಒಂದು ಬೋಸಿ ಉಪ್ಸಾರು ಬಂತು, ಇಲ್ಲಿಂದ ಕಜ್ಜಾಯ ಹೋಯಿತು.

ರಾತ್ರಿಯಿಡೀ ನೀಲಗಾರರ ತಂಬೂರಿ, ಗಗ್ಗರದ ಸದ್ದು. ನಿಡುಘಟ್ಟದ ಕಬ್ಬಿಣದ ಕೆಲಸದವರ ಮನೆಯ ಮಗ ಕೆಂಪಾಚಾರಿ ಮಂಟೇಸ್ವಾಮಿಗೆ ಶಿಶುಮಗನಾಗಿ ಸಿದ್ದಪ್ಪಾಜಿಯಾದ ಕತೆ. ಗದ್ದುಗೆಯ ಮುಂದೆ ಹಾಡುವ ನೀಲಗಾರರೊಳಗೆ ಎಲ್ಲ ಒಕ್ಕಲಿನವರೂ ಇದ್ದಾರೆ. ಮಾರನೆ ದಿನದ ಪಂಕ್ತಿಯಲ್ಲೂ ಹಾಗೆಯೇ. ನಿಮ್ಮ ಬಿಡಾರದ ಮುಂದೆ ಎಲೆ ಹಾಸಿದ ಮೇಲೆ ಬಂದು ಕೂತವರು ಯಾರೆಂದು ಕೇಳುವ ಹಾಗಿಲ್ಲ. ಈ ಪಂಕ್ತಿಯಲ್ಲಿ ಹಿಂದಿನಿಂದ ಬಡಿಸುತ್ತಿದ್ದದ್ದು ಬಾಡೂಟ. ಪ್ರಾಣಿಬಲಿ ತಡೆಯುವ 1959ರ ಕಾಯ್ದೆ, ಹೈಕೋರ್ಟಿನ ಆದೇಶ ಎಂದು ಈಚಿನ ವರ್ಷಗಳಲ್ಲಿ ದಾರಿಯಲ್ಲೇ ಚೆಕ್‌ಪೋಸ್ಟು, ಗಾಡಿ ತಪಾಸಣೆ. ನಾವು ಬಲಿ ಕೊಡುವುದಿಲ್ಲ, ಅಡುಗೆ ಮಾಡಿ ಹಂಚಿ ಉಣ್ಣುತ್ತೇವೆ ಎಂಬುದು ಒಕ್ಕಲಿನವರ ವಾದ. ಈ ಎರಡನ್ನೂ ಒಂದೇ ಎಂದು ತಿಳಿದವರು ಒಂದು ಸಲವಾದರೂ ಆ ಸಾಲಿನಲ್ಲಿ ಕೂತು ಉಣ್ಣಬೇಕಿತ್ತು ಎಂದು ನನಗನ್ನಿಸುತ್ತದೆ. ನಮ್ಮ ಒಲೆಯ ಮೇಲೆ ಈ ಸಲ ಏನು ಬೆಂದಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪರಿಚಯವೇ ಇಲ್ಲದ ಒಬ್ಬ ಮುದುಕ ಮಾತ್ರ ಎರಡನೇ ಸಲ ಸಾರು ಹಾಕಿಸಿಕೊಂಡು, ಉಪ್ಪು ಒಂದು ಕಲ್ಲು ಕಮ್ಮಿ ಎಂದು ತಿದ್ದಿ ಎದ್ದುಹೋದ.

ಉಂಡು ಕೈ ತೊಳೆದ ಮೇಲೆ ಅಜ್ಜಿಗೆ ತನ್ನ ಮುಖ್ಯ ಕೆಲಸ ನೆನಪಾಯಿತು. ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಸ್ವಾಮಿಗಳು ಬೆಂಕಿ ಮುಟ್ಟಿಸುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೋ ಆ ಸೀಮೆಗೆ ಆ ವರ್ಷ ಮಳೆ ಬೆಳೆ ಚೆಂದ. ಮೂರನೇ ದಿನ ಬಂದದ್ದರಿಂದ ನಾವು ಅದನ್ನು ಕಂಡಿರಲಿಲ್ಲ. ಅಜ್ಜಿ ಪಕ್ಕದ ಬಿಡಾರಕ್ಕೆ ಹೋಗಿ ಕೇಳಿದಳು. ಅವರು ಮಳವಳ್ಳಿಯ ಕಡೆಯವರು. ಉರಿ ತಮ್ಮ ಕಡೆಗೇ ಬಾಗಿತೆಂದರು. ಕನಕಪುರದವರು ಇಲ್ಲ, ತಮ್ಮ ಕಡೆಗೆಂದರು. ಯಳಂದೂರಿನ ಒಬ್ಬಳು, “ನಾ ಕಣ್ಣಾರೆ ಕಂಡಿವ್ನಿ ಕನವ್ವ, ತೆಂಕ್ಲಾಗಿ” ಎಂದು ಆಣೆ ಇಟ್ಟಳು. ಚಿಕ್ಕಪ್ಪ ಯಾರಿಂದಲೋ ಆ ರಾತ್ರಿಯ ವಿಡಿಯೊ ಈಸಿಕೊಂಡು ಬಂದ. ಎಲ್ಲರೂ ಬಗ್ಗಿ ನೋಡಿದೆವು. ಉರಿ ಸ್ಪಷ್ಟವಾಗಿ ಎಡಕ್ಕೆ ವಾಲಿತ್ತು. ಆದರೆ ಎಡ ಎಂದರೆ ಮೂಡಲೋ ಪಡುವಲೋ? ಗುಡಿಯ ಗೋಪುರ ಕಾಣುತ್ತಿರಲಿಲ್ಲ, ಬರೀ ಕತ್ತಲೆ, ಬೆಂಕಿ, ಜನರ ತಲೆ. ದೊಡ್ಡಪ್ಪ ಒಂದು ದಿಕ್ಕು ಹೇಳಿದ, ಮಳವಳ್ಳಿಯವರು ಅದಕ್ಕೆ ಎದುರು ದಿಕ್ಕು ಹೇಳಿದರು, ಕನಕಪುರದವರು ಫೋನನ್ನೇ ತಿರುಗಿಸಿ ಹಿಡಿದರು. ಅಜ್ಜಿ ಫೋನು ಕಿತ್ತು ಚಿಕ್ಕಪ್ಪನ ಕೈಗಿಟ್ಟಳು. “ಇದ್ನ ತಗದೋನು ಯಾವ ಕಡೀಕೆ ನಿಂತಿದ್ನೋ ಕೇಳ್ಕಂಡ್ ಬಾ, ಹೋಗು.” ಟಾರ್ಚು ಹಿಡಿದು ಅವನು ಹೊರಟ. ಹಿಂದೆಯೇ ಮಳವಳ್ಳಿಯವನೊಬ್ಬ, ಸುಳ್ಳು ಹೇಳಿಸಿಕೊಂಡು ಬಂದುಬಿಟ್ಟಾನೆಂದು, ಪಂಚೆ ಎತ್ತಿ ಕಟ್ಟಿ ಎದ್ದ.